ಕಡಲೆಕಾಯಿ ಸಾಲಿನಲ್ಲಿ ಓದಿದ ಕಾದಂಬರಿ

ಹಿನ್ನೀರು ಇಳಿದ ಮೇಲೆ ಒಣಗುವ ಹೂಳಿಗೆ ಒಂದು ವಾಸನೆ ಇರುತ್ತದೆ. ಮೀನು, ಪಾಚಿ, ಹಸಿ ಮಣ್ಣು ಮೂರೂ ಬೆರೆತ ವಾಸನೆ. ಮೊನ್ನೆ ಮೆಟ್ಟೂರಿನಿಂದ ಕೊಳತ್ತೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಒಂದು ತಿರುವಿನಲ್ಲಿ ಆ ವಾಸನೆ ಒಮ್ಮೆಲೇ ಒಳಗೆ ನುಗ್ಗಿತು. ಪಕ್ಕದ ಹೆಂಗಸು ‘ಚೀ’ ಎಂದು ಸೆರಗನ್ನು ಮೂಗಿಗೆ ಒತ್ತಿಕೊಂಡರೆ ನಾನು ಕಿಟಕಿಯ ಗಾಜನ್ನು ಪೂರ್ತಿ ಸರಿಸಿ ಉಸಿರು ಎಳೆದುಕೊಂಡೆ. ಆಕೆ ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ. ಇದು ನನಗೆ ಒಂದು ಕಾದಂಬರಿಯ ವಾಸನೆ ಕಣಮ್ಮ ಅಂತ ಹೇಳಿದ್ದರೆ ಇನ್ನೂ ದೂರ ಸರಿದು ಕೂರುತ್ತಿದ್ದಳೋ ಏನೋ.

ನಾನು ಬಿ.ಎ. ಪರೀಕ್ಷೆ ಬರೆದು ಮನೆಗೆ ಬಂದ ವರ್ಷ ಅದು. ಆ ಬೇಸಿಗೆಯಲ್ಲಿ ಮೆಟ್ಟೂರು ಡ್ಯಾಮಿನ ನೀರು ಬಹಳ ದೂರಕ್ಕೆ ಇಳಿದಿತ್ತು. ನೀರು ಇಳಿದರೆ ಬೇರೆ ಕಡೆಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ನಮ್ಮ ಕಡೆಯವರು ನೇಗಿಲು ಹೊತ್ತುಕೊಂಡು ಹೊರಡುತ್ತಾರೆ. ಡ್ಯಾಮು ಕಟ್ಟುವ ಮುಂಚೆ ಅಲ್ಲಿ ನಮ್ಮ ಹಿರಿಯರ ಊರುಗಳಿದ್ದವು. ನೀರು ಹಿಂದೆ ಸರಿದಾಗ ಆ ನೆಲ ಮೇಲೆ ಬರುತ್ತದೆ. ಅದಕ್ಕೆ ಪಟ್ಟಾ ಇಲ್ಲ, ಬೇಲಿ ಇಲ್ಲ. ಆದರೂ ಯಾವ ಮನೆಯವರು ಎಲ್ಲಿಂದ ಎಲ್ಲಿಯವರೆಗೆ ಉಳಬೇಕು ಎನ್ನುವುದು ಊರಿನ ಅಜ್ಜಿಯರಿಗೆ ಬಾಯಿಪಾಠ. ಗೊಬ್ಬರದ ಕೆಲಸವಿಲ್ಲ, ಹೂಳೇ ಗೊಬ್ಬರ. ಮೇಲಿನಿಂದ ಹೊಸ ನೀರು ಬರುವುದರೊಳಗೆ ಬಿತ್ತಿ, ಬೆಳೆದು, ಕಿತ್ತುಕೊಂಡು ದಡ ಸೇರಬೇಕು ಅಷ್ಟೆ. ನಾನು ಊರಿಗೆ ಬರುವಷ್ಟರಲ್ಲಿ ನಮ್ಮವರು ಕಡಲೆಕಾಯಿ ಬಿತ್ತಿ, ಗಿಡ ಗೇಣುದ್ದ ಎದ್ದಿತ್ತು.

ಆ ಹೊಲದ ಯಜಮಾನಿಕೆ ಅಪ್ಪನ ತಾಯಿ ಮಾದಜ್ಜಿಯದು. ಹೊಲದ್ದೇನು, ಮನೆಯದ್ದೂ ಅವಳದೇ. ನನ್ನ ಮದುವೆಯ ಯೋಚನೆಯೂ ಅವಳ ತಲೆಯಲ್ಲೇ ಇತ್ತು. ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ, ಮೆಟ್ಟೂರಿನಲ್ಲಿದ್ದರು. ಅವರ ಮಗ ಮಾದೇಶ ಬಾವ ಅಲ್ಲೇ ಫಿಟ್ಟರ್ ಕೆಲಸಕ್ಕೆ ಹೋಗುತ್ತಿದ್ದ. ಚಿತ್ರಾ ಮಾದೇಶನಿಗೆ ಅನ್ನುವುದು ನಾನು ತೊಟ್ಟಿಲಲ್ಲಿದ್ದಾಗಲೇ ಆಡಿಕೊಂಡ ಮಾತು. ಶುಭಕಾರ್ಯ ಮಾಡದ ಆಡಿ ತಿಂಗಳು ಹುಟ್ಟುವ ಮುಂಚೆ ವೀಳ್ಯ ತೆಗೆದುಕೊಳ್ಳಬೇಕೆಂದು ಮಾವ ಹೇಳಿ ಕಳಿಸಿದ್ದರು. ನನಗೋ ಧರ್ಮಪುರಿಗೆ ಹೋಗಿ ಬಿ.ಎಡ್. ಓದುವ ಆಸೆ. ಅದನ್ನು ಅಮ್ಮನ ಕಿವಿಯಲ್ಲಿ ಒಮ್ಮೆ ಹೇಳಿದ್ದೆ. ಅಮ್ಮ ಸುತ್ತಲೂ ನೋಡಿ, “ಅಜ್ಜಿ ಕಿವಿಗೆ ಬೀಳ್ದಂಗೆ ನೋಡ್ಕೋ” ಅಂದಿದ್ದಳು. ನಮ್ಮಲ್ಲಿ ವೀಳ್ಯದ ತಟ್ಟೆಯನ್ನು ಮನೆಯ ಹಿರಿಯಳ ಮುಂದೆ ಇಡುತ್ತಾರೆ. ಅವಳು ಎಲೆ ಅಡಿಕೆ ಎರಡನ್ನೂ ಎತ್ತಿಕೊಂಡರೆ ಮಾತು ಮುಗಿಯಿತು. ಹುಡುಗಿ ಅಷ್ಟು ಹೊತ್ತಿಗೆ ಒಲೆಯ ಮುಂದೆ ಕಾಫಿ ಕಾಯಿಸುತ್ತಿರುತ್ತಾಳೆ.

ನನ್ನ ಹತ್ತಿರ ಒಂದು ತಮಿಳು ಕಾದಂಬರಿ ಇತ್ತು. ಮೆಟ್ಟೂರು ಬಸ್ ಸ್ಟ್ಯಾಂಡಿನ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು. ದಪ್ಪ ಪುಸ್ತಕ. ರಟ್ಟು ಹೋಗಿತ್ತು, ಹೆಸರಿನ ಪುಟವೂ ಹೋಗಿತ್ತು. ಅದನ್ನು ಹೊಲಕ್ಕೂ ಒಯ್ದಿದ್ದೆ, ಬುತ್ತಿಯ ಚೀಲದಲ್ಲಿ ಸುಮ್ಮನೆ ಇರಲಿ ಎಂದು. ಮೊದಲ ದಿನವೇ ಕಳೆ ತೆಗೆಯಲು ಕೂತವಳು ಕಳೆ ಬಿಟ್ಟು ಕಡಲೆಗಿಡವನ್ನೇ ಕಿತ್ತು ಗುಡ್ಡೆ ಹಾಕುತ್ತಿದ್ದೆ. ಮಾದಜ್ಜಿ ಅದನ್ನು ನೋಡಿದಳು.

“ಅಯ್ಯೋ ಮೂದೇವಿ! ಒಟ್ಟೆಗ್ ತಿನ್ನೋದ್ನೇ ಕಿತ್ತಾಕ್ತಿದ್ದೀಯಲ್ಲೇ! ಎದ್ದು ಆ ಬದುವಿನ್ ಮ್ಯಾಲೆ ಕೂತ್ಕೋ ಓಗು. ಕೈಯಲ್ಲಾಗ್ದಿದ್ರೆ ಬಾಯಲ್ಲಾದ್ರೂ ಕೆಲ್ಸ ಮಾಡು. ಆ ಬುಕ್ಕಲ್ಲಿ ಏನೈತೆ, ಏಳು.”

ಹೀಗೆ ನನಗೆ ಕೂಲಿಯಿಲ್ಲದ ಒಂದು ಉದ್ಯೋಗ ಸಿಕ್ಕಿತು. ಹೆಂಗಸರು ಸಾಲಾಗಿ ಕೂತು ಕಳೆಕೊತ್ತು ಎಂಬ ಕಿರುಗುದ್ದಲಿಯಲ್ಲಿ ಕೆದಕುತ್ತ ಮುಂದೆ ಸರಿಯುತ್ತಿದ್ದರು. ನಾನು ಕೊಡೆ ಹಿಡಿದು ಬದುವಿನ ಮೇಲೆ ಅವರ ಜೊತೆಜೊತೆಗೇ ಸರಿಯುತ್ತ ಓದುತ್ತಿದ್ದೆ. ಮೊದಲು ಇದ್ದದ್ದನ್ನು ಇದ್ದ ಹಾಗೇ ತಮಿಳಿನಲ್ಲಿ ಓದಿದೆ. ಸಂತೆಯ ತಮಿಳು, ಬಸ್ಸಿನ ತಮಿಳು ಎಲ್ಲರಿಗೂ ನೀರು ಕುಡಿದಷ್ಟು ಸುಲಭ. ಆದರೆ ಇದು ರಾಜರ ಕಾಲದ ಭಾರಿ ತಮಿಳು. ಪಕ್ಕದ ಮನೆಯ ರಾಜಮ್ಮತ್ತೆ ಸ್ವಲ್ಪ ಹೊತ್ತು ತಾಳಿಕೊಂಡು ಕೂತಿದ್ದು ಆಮೇಲೆ ಕೊತ್ತು ಕೆಳಗಿಟ್ಟಳು.

“ಏನಮ್ಮಾ ಇದು, ಐನೋರು ಮಂತ್ರ ಏಳ್ದಂಗೈತೆ. ನಮ್ ಮಾತಲ್ಲಿ ಏಳು ತಾಯಿ.”

ಅಲ್ಲಿಂದ ಕಣ್ಣಲ್ಲಿ ತಮಿಳು, ಬಾಯಲ್ಲಿ ಕನ್ನಡ. ತಮಿಳುನಾಡಿನ ಶಾಲೆಯಲ್ಲಿ ಓದಿದ ನಾನು ಕನ್ನಡ ಅಕ್ಷರ ಕಲಿತವಳಲ್ಲ, ನಮ್ಮೂರಲ್ಲಿ ಯಾರೂ ಕಲಿತಿರಲಿಲ್ಲ. ನನಗೆ ಗೊತ್ತಿದ್ದದ್ದು ಮನೆಯ ಮಾತು ಮಾತ್ರ. ಹಾಗಾಗಿ ಪುಸ್ತಕದಲ್ಲಿ ಸಿಂಹಾಸನದ ಮೇಲೆ ಕೂತು ಗರ್ಜಿಸುವ ಪಾಳೆಯಗಾರ ನನ್ನ ಬಾಯಲ್ಲಿ “ಯಾಕ್ಲಾ, ಊಟ ಮಾಡ್ಲಿಲ್ವಾ?” ಅನ್ನುವ ಹಾಗಾದ. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ.

ಕಾದಂಬರಿಯ ನಾಯಕಿ ವಡಿವಾಂಬಾಳ್, ಕಾವೇರಿ ದಡದ ಒಂದು ಕೋಟೆಯ ಸುಂಕದವನ ಮಗಳು. ನಮ್ಮ ಹೆಂಗಸರು ಅವಳನ್ನು ಎರಡನೆಯ ದಿನವೇ ವಡಿವಮ್ಮ ಮಾಡಿಕೊಂಡರು. ಅವಳಿಗೆ ತಮಿಳೂ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಈ ಕಡೆಯ ಪಾಳೆಯಗಾರನಿಗೂ ಮೈಸೂರು ಕಡೆಯಿಂದ ಬಂದ ದಳಪತಿಗೂ ನಡುವೆ ನಿಂತು ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ಹೇಳುವುದು ಅವಳ ಕೆಲಸ. ಎಲ್ಲರ ಮಾತೂ ಅವಳ ನಾಲಿಗೆಯ ಮೇಲೆ. ತನ್ನದು ಅಂತ ಒಂದು ಮಾತನ್ನೂ ಅವಳು ಆಡಿದವಳಲ್ಲ. ಅವಳು ತನ್ನ ಮಾತನ್ನು ಹುಡುಕಿಕೊಳ್ಳುವುದೇ ಕಥೆ. ಜೊತೆಗೆ ದಳಪತಿಯ ಪ್ರೇಮ, ಕುದುರೆ, ಬೆಳದಿಂಗಳು, ಹೊಳೆ ಎಲ್ಲ ಧಾರಾಳವಾಗಿದ್ದವು.

ಆದರೆ ನನ್ನ ಕನ್ನಡದಲ್ಲಿ ಒಂದು ಎಡವಟ್ಟಾಯಿತು. ದಳಪತಿಯೂ ಕೊಳತ್ತೂರು ಕನ್ನಡ, ಪಾಳೆಯಗಾರನೂ ಕೊಳತ್ತೂರು ಕನ್ನಡ. ರಾಜಮ್ಮತ್ತೆ ಕೇಳಿಯೇಬಿಟ್ಟಳು.

“ಅಲ್ಲಾ, ಇಬ್ರೂ ಒಂದೇ ಮಾತಾಡ್ತಾವ್ರೆ. ಮತ್ಯಾಕೆ ಆ ಉಡ್ಗಿ ನಡುವೆ ನಿಂತ್ಕೊಂಡು ಇವ್ನ್ ಏಳಿದ್ದನ್ನೇ ಅವ್ನಿಗೆ ಇನ್ನೊಂದ್ಸಲ ಏಳ್ತಾಳೆ? ಅವ್ನಿಗೆ ಕಿವಿ ಕೇಳ್ಸಲ್ವಾ?”

ನಾನು ಪೇಚಿಗೆ ಬಿದ್ದೆ. ಆಮೇಲೆ ಪಾಳೆಯಗಾರನನ್ನು ಮೆಟ್ಟೂರು ಸಂತೆಯ ತಮಿಳಿಗೆ ದಾಟಿಸಿ, ದಳಪತಿಯನ್ನು ಕನ್ನಡದಲ್ಲೇ ಉಳಿಸಿದೆ. ಅದರಿಂದ ಇನ್ನೊಂದು ಪರಿಣಾಮವಾಯಿತು. ದಳಪತಿ ‘ನಮ್ಮವನು’ ಆಗಿಬಿಟ್ಟ. ಅವನು ಬಂದ ಕಡೆಯಲ್ಲೆಲ್ಲ ಸಾಲು ಚುರುಕಾಗಿ ಮುಂದೆ ಹೋಗುತ್ತಿತ್ತು. ಅವನಿಗೆ ಗಾಯವಾದ ದಿನ ಒಬ್ಬರೂ ಸರಿಯಾಗಿ ಉಣ್ಣಲಿಲ್ಲ. ಹೂಳಿನಲ್ಲಿ ಅಲ್ಲಲ್ಲಿ ಹಳೆಯ ಊರಿನ ಕಲ್ಲು, ಇಟ್ಟಿಗೆ ಕಾಣುತ್ತಿದ್ದವು. ವಡಿವಮ್ಮನ ಕೋಟೆ ಇದೇ ಅಂತ ಹೆಂಗಸರು ತೀರ್ಮಾನಿಸಿಯೂ ಆಯಿತು. ಇದು ಬರೆದವರು ಕಟ್ಟಿದ ಕಥೆ, ನಿಜವಾಗಿ ನಡೆದದ್ದಲ್ಲ ಅಂದರೆ, “ನೀನ್ ಕಂಡಿದ್ದೀಯಾ?” ಎಂದು ನನ್ನ ಬಾಯಿ ಮುಚ್ಚಿಸಿದರು. ಒಂದು ಬೆಳಿಗ್ಗೆ ನೋಡುತ್ತೇನೆ, ಒಂದು ಮುರುಕು ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಯಾರ ಕೆಲಸ ಎಂದು ಕೇಳಲಿಲ್ಲ. ರಾಜಮ್ಮತ್ತೆಯ ಬೆರಳು ಇನ್ನೂ ಹಳದಿಯಾಗಿತ್ತು.

ಪ್ರೇಮದ ಭಾಗಗಳದೇ ಕಷ್ಟ. ಅಜ್ಜಿಯ ಮುಂದೆ ಅದನ್ನೆಲ್ಲ ಹೇಗೆ ಹೇಳುವುದು? ದಳಪತಿ ವಡಿವಮ್ಮನ ಕೈ ಹಿಡಿದ ಕೂಡಲೇ ನಾನು, “ಆಮ್ಯಾಕೆ ಇಬ್ರೂ ಸುಮಾರೊತ್ತು ಮಾತಾಡ್ಕೊಂಡ್ರು” ಎಂದು ಎರಡು ಮೂರು ಪುಟ ಒಟ್ಟಿಗೆ ಮಗುಚುತ್ತಿದ್ದೆ. ರಾಜಮ್ಮತ್ತೆಯ ಕಣ್ಣು ಕಳೆಯ ಮೇಲಿದ್ದರೂ ಪುಟದ ಸದ್ದು ತಪ್ಪುತ್ತಿರಲಿಲ್ಲ.

“ಅಷ್ಟೊತ್ತು ಏನ್ ಮಾತಾಡಿದ್ರು ಅಂತ ನಮ್ಗೂ ಏಳಬಾರ್ದಾ?”

“ದೇಶದ ವಿಷ್ಯ ಅತ್ತೆ.”

“ಆಮಾ ಆಮಾ, ಬೆಳ್ದಿಂಗ್ಳಲ್ಲಿ ದೇಶದ ವಿಷ್ಯ!” ಎಂದು ಅವಳು ನಕ್ಕರೆ ಸಾಲಿಗೆ ಸಾಲೇ ನಗುತ್ತಿತ್ತು. ಮಾದಜ್ಜಿ ಮಾತ್ರ ನಗದೆ ನನ್ನನ್ನೊಮ್ಮೆ ನೋಡಿ ಕೆಲಸ ಮುಂದುವರಿಸುತ್ತಿದ್ದಳು. ಇದ್ದದ್ದನ್ನು ಬಿಟ್ಟು ಓದುವವಳು ಇಲ್ಲದ್ದನ್ನು ಸೇರಿಸಿಯೂ ಓದಬಲ್ಲಳು ಎಂಬ ಲೆಕ್ಕ ಅವಳ ತಲೆಯಲ್ಲಿ ಆಗಲೇ ಶುರುವಾಗಿತ್ತೆಂದು ನನಗೆ ತಿಳಿದಿರಲಿಲ್ಲ.

ಕಥೆ ಅರ್ಧ ದಾಟಿತು. ಅದೇ ವಾರ ಮಾವ ಮನೆಗೆ ಬಂದು, ಕಡಲೆಕಾಯಿ ಕೀಳುವ ಹೊತ್ತಿಗೆ ವೀಳ್ಯ ತರುತ್ತೇನೆ ಎಂದು ಮಾದಜ್ಜಿಗೆ ಹೇಳಿ ಹೋದರು. ಮರುದಿನ ಬೆಳಿಗ್ಗೆ ಹೊಲದಲ್ಲಿ ಪುಸ್ತಕ ತೆರೆದರೆ, ಹಾಳಾದದ್ದು, ಅಲ್ಲೂ ಮದುವೆಯ ಮಾತು! ಜಗಳ ಮುಗಿಸಿ ಸಂಬಂಧ ಬೆಳೆಸುವ ನೆಪದಲ್ಲಿ ಪಾಳೆಯಗಾರ ವಡಿವಮ್ಮನನ್ನು ದಳಪತಿಗೆ ಕೊಡುತ್ತೇನೆ ಅನ್ನುತ್ತಾನೆ. ಆ ಮಾತನ್ನು ದಳಪತಿಗೆ ಕನ್ನಡದಲ್ಲಿ ಹೇಳಬೇಕಾದವಳು ಯಾರು? ವಡಿವಮ್ಮನೇ. ಅವಳಿಗೆ ಅವನ ಮೇಲೆ ಪ್ರೀತಿ ಇದೆ. ಆದರೂ ಸಭೆಯ ನಡುವೆ ಅವಳು ಬಾಯಿ ತೆರೆದು, ಇದೊಂದು ಮಾತನ್ನು ನಾನು ದಾಟಿಸುವುದಿಲ್ಲ, ನನ್ನನ್ನು ಕೇಳದೆ ಆಡಿದ ಮಾತಿದು ಎನ್ನುತ್ತಾಳೆ.

ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಮಾದಜ್ಜಿಯ ಕೊತ್ತು ನಿಂತಿತು.

“ಅಂಗಂತ ಬರ್ದೈತಾ?”

“ಊಂ ಅಜ್ಜಿ, ಬರ್ದೈತೆ.”

“ಸುಳ್ಳೇಳ್ಬ್ಯಾಡ. ನೆನ್ನೆ ನಿಮ್ಮಾವ ಬಂದೋದ, ಇವತ್ತು ವಡಿವಮ್ಮಂಗೆ ಬಾಯಿ ಬಂತಾ? ಅವ್ಳ್ ಎಸ್ರೇಳಿ ನೀನ್ ಮಾತಾಡ್ತಿದ್ದೀಯ. ಮುಚ್ಚು ಬುಕ್ಕ.”

ಆಣೆ ಇಟ್ಟೆ, ಪುಟ ತೋರಿಸಿದೆ. ಓದು ಬಾರದವಳಿಗೆ ಪುಟ ತೋರಿಸಿ ಏನು ಫಲ? ಪುಸ್ತಕವನ್ನು ಕಿತ್ತುಕೊಂಡು ಬುತ್ತಿಯ ಚೀಲಕ್ಕೆ ತುರುಕಿದಳು. ನನಗೆ ಅಳು ಬಂತು. ಎಂದೂ ಎದುರಾಡದ ನಾನು ಪುಸ್ತಕದ ಮರೆಯಲ್ಲಿ ಎದುರಾಡುತ್ತಿದ್ದೇನೆಂದು ಅವಳು ನಂಬಿಬಿಟ್ಟಿದ್ದಳು. ನಿಜ ಹೇಳಬೇಕೆಂದರೆ, ಹಾಗೆ ಆಡುವ ಧೈರ್ಯ ನನಗೆ ಪುಸ್ತಕದ ಮರೆಯಲ್ಲೂ ಇರಲಿಲ್ಲ.

ಆಮೇಲಿನ ದಿನಗಳು ಸಪ್ಪೆ. ಕಳೆ ತೆಗೆಯುವ ಕೈಗಳು ಸೋಮಾರಿಯಾದವು. ಕಥೆಯಿಲ್ಲದೆ ಬಿಸಿಲು ಹೆಚ್ಚಾಗಿದೆ ಎಂದು ಒಬ್ಬಳು, ಸೊಂಟ ಹಿಡಿದಿದೆ ಎಂದು ಇನ್ನೊಬ್ಬಳು. ರಾಜಮ್ಮತ್ತೆ ಬಾಯಿಬಿಟ್ಟೇ ಹೇಳಿದಳು: “ಆ ಉಡ್ಗೀನ ಸಭೆ ನಡುವೆ ನಿಲ್ಸ್ಬುಟ್ಟು ಬಂದ್ಬುಟ್ವಲ್ಲ ಅಕ್ಕಾ, ನಂಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ.” ಮಾದಜ್ಜಿಗೂ ಇರಲಿಲ್ಲ ಅಂತ ನನಗೆ ಗೊತ್ತು. ಅವಳ ಪಕ್ಕದಲ್ಲೇ ಮಲಗುತ್ತಿದ್ದವಳು ನಾನು.

ಭಾನುವಾರ ಮಾದೇಶ ಬಾವ ಬಂದ. ನಮ್ಮ ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ ಕೆಟ್ಟಾಗಲೆಲ್ಲ ಅವನೇ ಬಂದು ರಿಪೇರಿ ಮಾಡುತ್ತಿದ್ದ. ಕೈಯೆಲ್ಲ ಗ್ರೀಸು. ಮಾದಜ್ಜಿ ಚೀಲದಿಂದ ಪುಸ್ತಕ ತೆಗೆದು ಅವನ ಮುಂದೆ ಹಿಡಿದಳು.

“ಲೋ ಮಾದೇಶ, ನೀನ್ ತಮಿಳ್ ಓದ್ದವ್ನು. ಇವ್ಳು ಎಲ್ಲಿಗ್ ನಿಲ್ಸಿದ್ಲೋ ಅಲ್ಲಿ ಓದಿ, ಏನ್ ಬರ್ದೈತೋ ಅದ್ನೇ ಏಳು. ನಿನ್ಗೆ ಆಗ್ದಿರೋ ಮಾತಿದ್ರೂ ಮುಚ್ಚಾಕ್ಬ್ಯಾಡ.”

ಅವನನ್ನೇ ಏಕೆ ಆರಿಸಿದಳೆಂದು ಹೊಳೆದು ನಾನು ಬೆಚ್ಚಿದೆ. ಆ ಮಾತು ನಿಜಕ್ಕೂ ಬರೆದಿದ್ದರೆ ಹೆಚ್ಚು ನೋವಾಗಬೇಕಾದವನು ಅವನು. ಅವನು ಇದೆ ಅಂದರೆ ಇದೆ. ಬಾವ ಗ್ರೀಸಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಪುಟ ನೋಡಿದ. ಪೇಪರಿನ ಸುದ್ದಿ ಓದುವ ಹಾಗೆ ತಡವರಿಸಿ ತಡವರಿಸಿ ತಮಿಳಿನಲ್ಲಿ ಓದಿದ. ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. ನನ್ನ ಕಡೆ ನೋಡಲಿಲ್ಲ.

“ಅಂಗೇ ಐತೆ ಅಜ್ಜಿ. ನನ್ನ ಕೇಳ್ದೆ ಆಡಿದ್ ಮಾತು, ನಾನ್ ದಾಟ್ಸಾಕಿಲ್ಲ ಅಂತವ್ಳೆ. ಚಿತ್ರಾ ಸರಿಯಾಗೇ ಏಳವ್ಳೆ.”

ಮಾದಜ್ಜಿ ಮತ್ತೆ ಕೊತ್ತು ಕೈಗೆತ್ತಿಕೊಂಡಳು. ಆದರೆ ಬಾವ ನಿಲ್ಲಿಸಲಿಲ್ಲ. ಮುಂದಿನ ಪುಟಕ್ಕೆ ಹೋದ, ಅದರ ಮುಂದಿನದಕ್ಕೂ. ಎಂಜಿನ್ ಮರೆತು ಬದುವಿನ ಮೇಲೆ ಕೂತೇ ಬಿಟ್ಟ. ಅವನಿಗೆ ನನ್ನ ಹಾಗೆ ಪುಟ ಮಗುಚುವ ಜಾಣತನ ಇರಲಿಲ್ಲ. ಹೊಳೆಯ ದಡ, ಬೆಳದಿಂಗಳು ಬಂತು. ದಳಪತಿ ವಡಿವಮ್ಮನನ್ನು ತಬ್ಬಿಕೊಂಡದ್ದನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲೂ ಹೇಳಿ, ಆಮೇಲೆ ತಾನೇನು ಹೇಳಿದೆನೆಂದು ಹೊಳೆದು ಕಿವಿಯವರೆಗೆ ಕೆಂಪಾದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದೇನಾ ದೇಶದ ವಿಷ್ಯ!” ಎಂದು ರಾಜಮ್ಮತ್ತೆ ಹೂಳಿನಲ್ಲೇ ಉರುಳಿದಳು. ಆ ದಿನ ಮಾದಜ್ಜಿಯೂ ನಕ್ಕಳು. ಸಂಜೆ ಮನೆಗೆ ಹೋಗುವಾಗ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ನಾಳೆ ತಾ” ಅಂದಳು. ಅದು ಅವಳ ಭಾಷೆಯಲ್ಲಿ ತಪ್ಪಾಯಿತು ಎಂದ ಹಾಗೆ.

ಗಿಡ ಹೂ ಬಿಟ್ಟು ಕಾಯಿ ಕಟ್ಟಿತು. ಅಷ್ಟರಲ್ಲಿ ಕರ್ನಾಟಕದ ಕಡೆ ಮಳೆ ಹಿಡಿದಿದೆ, ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಬಂತು. ಮುಂಜಾನೆ ನೀರಿನ ಅಂಚಿಗೆ ನೆಟ್ಟ ಕಡ್ಡಿ ಸಂಜೆಗೆ ಮುಳುಗಿರುತ್ತಿತ್ತು. ಊರಿಗೆ ಊರೇ ಇಳಿದು ಗಿಡ ಕೀಳತೊಡಗಿತು. ಗಂಡಸರು ಕಿತ್ತು ರಾಶಿ ಹಾಕಿದರೆ ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ಕೂತು ಮಾಡುವ ಕೆಲಸವಾದ್ದರಿಂದ ಓದು ಇನ್ನೂ ಜೋರಾಗಿ ಸಾಗಿತು. ಕೊನೆಯ ಅಧ್ಯಾಯ ಉಳಿದಿತ್ತು, ಹೊಲದ ಕೊನೆಯ ಮೂಲೆಯೂ ಉಳಿದಿತ್ತು. ಆ ದಿನವೇ ಮಾವ ವೀಳ್ಯದ ತಟ್ಟೆ ಹಿಡಿದು ಹೊಲಕ್ಕೇ ಇಳಿದು ಬಂದರು. ಆಡಿ ಹುಟ್ಟಲು ದಿನ ಉಳಿದಿರಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ, ಅವರಾದರೂ ಏನು ಮಾಡಿಯಾರು? ಹಿಂದೆ ಬಾವನೂ ಇದ್ದ, ಟ್ರ್ಯಾಕ್ಟರ್ ತಂದಿದ್ದ.

ಮಾವ ತಟ್ಟೆಯನ್ನು ಮಾದಜ್ಜಿಯ ಮುಂದೆ, ಕಡಲೆಕಾಯಿ ರಾಶಿಯ ಪಕ್ಕದಲ್ಲಿ ಇಟ್ಟರು. ಎಲ್ಲರ ಕೈಯೂ ನಿಂತಿತು. ಅಲ್ಲಿ ಒಲೆ ಇರಲಿಲ್ಲ, ನಾನು ಹೋಗಿ ಅಡಗಿಕೊಳ್ಳಲು ಒಂದು ಬಾಗಿಲೂ ಇರಲಿಲ್ಲ. ಮಾದಜ್ಜಿ ತಟ್ಟೆಯನ್ನು ನೋಡಿದಳು. ಕೈ ಚಾಚಿದಳು. ಎಲೆ ಎತ್ತಲಿಲ್ಲ, ತಟ್ಟೆಯನ್ನೇ ನನ್ನ ಕಡೆಗೆ ಸರಿಸಿದಳು.

“ಯಾವ್ದೋ ಕಾಲ್ದ ಉಡ್ಗಿ ಮಾತ ಕೇಳಾಕೆ ಇಷ್ಟ್ ದಿನ ಬಿಸ್ಲಲ್ಲಿ ಕುಂತಿದ್ದೆ. ನಮ್ಮನೆ ಉಡ್ಗಿ ಮಾತ ಒಂದ್ ಗಳ್ಗೆ ಕೇಳ್ದಿದ್ರೆ ಎಂಗೆ? ಏಳವ್ವ, ನಿನ್ಗೇನ್ ಬೇಕು?”

ಪಾಳೆಯಗಾರನ ಮಾತು, ದಳಪತಿಯ ಮಾತು, ಸುಂಕದವನ ಮಾತು, ಎಲ್ಲವನ್ನೂ ಪಟಪಟ ಆಡಿದ ನನ್ನ ಬಾಯಿ ಒಣಗಿಹೋಯಿತು. ಹೇಗೋ ಶುರುಮಾಡಿದರೆ ಹೊರಟದ್ದು ವಡಿವಮ್ಮನ ಮಾತೇ: ನನ್ನನ್ನು ಕೇಳದೆ ಆಡಿದ...

“ಬುಕ್ಕಿಂದು ಬ್ಯಾಡ,” ಅಂದಳು ಮಾದಜ್ಜಿ. “ಅದು ಅವ್ಳ್ ಏಳಾಯ್ತು. ನಿಂದ್ ಏಳು.”

“ನಂಗೆ ಓದ್ಬೇಕು ಅಜ್ಜಿ. ಧರ್ಮಪುರೀಲಿ ಬಿ.ಎಡ್. ಮಾಡ್ಬೇಕು, ಟೀಚರಾಗ್ಬೇಕು. ಮಾದೇಶ ಬಾವ ಒಳ್ಳೇವ್ರು. ಅವ್ರಂಥ ಒಳ್ಳೇವ್ರು ಯಾರೂ ಇಲ್ಲ. ಆದ್ರೆ ಮದ್ವೆ ಆಗ್ಬೇಕು ಅಂತ ನಂಗೆ ಯಾವತ್ತೂ ಅನ್ನಿಸ್ಲಿಲ್ಲ.”

ಇಷ್ಟು ಹೇಳುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಕಾಯಿಗಳೆಲ್ಲ ಪುಡಿಯಾಗಿದ್ದವು. ಮಾವನ ಮುಖ ಬಾಡಿತು. ಅಮ್ಮ ಅಣ್ಣನ ಮುಖ ನೋಡಲಾರದೆ ತಲೆ ತಗ್ಗಿಸಿದಳು. ಮೊದಲು ಮಾತಾಡಿದವನು ಬಾವ.

“ಅಪ್ಪಾ, ತಟ್ಟೆ ಎತ್ಕೋ. ಅವ್ಳು ಮರ್ವಾದಿಯಾಗೇ ಏಳವ್ಳೆ. ಮೊದ್ಲು ಮೂಟೆ ಏರ್ಸೋಣ, ನೀರು ಬತ್ತಾ ಐತೆ.”

ಅವನ ದನಿ ಸ್ವಲ್ಪ ಒಡೆದಿತ್ತು. ಆದರೂ ಮೂಟೆ ಎತ್ತುವಾಗ ನನ್ನ ಪಕ್ಕ ಬಂದು, “ಕತೆ ಮುಗ್ಸ್ದೆ ಓಗ್ಬ್ಯಾಡ, ನಾನೂ ಕೇಳ್ಬೇಕು” ಅಂದ. ಅವನ ಮೇಲೆ ಆಗ ಬಂದಷ್ಟು ಗೌರವ ನನಗೆ ಯಾರ ಮೇಲೂ ಬಂದದ್ದಿಲ್ಲ.

ಟ್ರೈಲರಿನಲ್ಲಿ ಮೂಟೆಗಳ ಮೇಲೆ ಎಲ್ಲರೂ ಹತ್ತಿ ಕೂತೆವು. ಕೆಳಗೆ ನೀರು ನಾವು ಕಿತ್ತ ಸಾಲುಗಳೊಳಕ್ಕೆ ಮೆಲ್ಲಗೆ ಬರುತ್ತಿತ್ತು. ಬಾವ ಎಂಜಿನ್ ಶುರುಮಾಡದೆ ಸೀಟಿನ ಮೇಲೆ ಹಿಂದಕ್ಕೆ ತಿರುಗಿ ಕೂತ. ಮಾವ ಬಿಗಿದ ಮುಖದಲ್ಲಿ ಮೂಟೆಗೆ ಒರಗಿದ್ದರು. ನಾನು ಕೊನೆಯ ಅಧ್ಯಾಯ ತೆರೆದು ಕಣ್ಣಾಡಿಸಿದೆ. ಕೊನೆಯಲ್ಲಿ ವಡಿವಮ್ಮ ತಾನಾಗಿಯೇ ದಳಪತಿಯ ಹತ್ತಿರ ಹೋಗಿ, ಈಗ ನಾನೇ ಹೇಳುತ್ತಿದ್ದೇನೆ, ನಿನ್ನನ್ನು ಮದುವೆಯಾಗುತ್ತೇನೆ ಅನ್ನುತ್ತಾಳೆ. ಬದಲಾಯಿಸಿ ಹೇಳಿದರೆ? ಅಲ್ಲಿದ್ದವರಲ್ಲಿ ಓದು ಬರುವವನು ಬಾವ ಒಬ್ಬನೇ, ಅವನು ಈ ಪುಟ ಕಂಡಿರಲಿಲ್ಲ. ನಾನು ಬದಲಾಯಿಸಲಿಲ್ಲ. ಒಂದು ಮಾತೂ ಬಿಡದೆ ಹೇಳಿದೆ, ಬೆಳದಿಂಗಳ ಸಮೇತ.

ರಾಜಮ್ಮತ್ತೆ ಮೂಗೊರೆಸಿಕೊಂಡು ಸೊರಸೊರ ಅತ್ತಳು. ಮಾವ ಮಾತ್ರ ಮೂಟೆಯಿಂದ ಥಟ್ಟನೆ ಎದ್ದು ಕೂತರು. ಅವರ ಮುಖದಲ್ಲಿ ಕಳೆ ಬಂದಿತ್ತು.

“ನೋಡಿದ್ರಾ ಅತ್ತೆ! ಅಷ್ಟೆಲ್ಲ ಮಾತಾಡಿ ಕಡೇಗೆ ಅವ್ಳೂ ಮದ್ವೆ ಆದ್ಲಲ್ಲ!” ಎನ್ನುತ್ತ ಮಡಿಲಲ್ಲಿದ್ದ ತಟ್ಟೆಯನ್ನು ಮತ್ತೆ ಮುಂದಕ್ಕೆ ತಂದರು.

ಮಾದಜ್ಜಿ ತಟ್ಟೆಯಿಂದ ಒಂದು ಎಲೆ ಎತ್ತಿಕೊಂಡಳು. ಆದರೆ ಅಡಿಕೆಯನ್ನು ಮುಟ್ಟಲಿಲ್ಲ. ಎಲೆಗೆ ಸುಣ್ಣ ಸವರಿ, ತನ್ನ ಸೊಂಟದ ಚೀಲದಿಂದ ಹೊಗೆಸೊಪ್ಪು ತೆಗೆದು ಅದರಲ್ಲಿಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡು, ದವಡೆಗೆ ಒತ್ತರಿಸಿ ಹೇಳಿದಳು:

“ಅವ್ಳಿಗ್ ಬೇಕಾಗಿತ್ತು, ಆದ್ಲು. ಇವ್ಳಿಗ್ ಬ್ಯಾಡ, ಓದ್ತಾಳೆ. ಲೋ ಮಾದೇಶ, ಗಾಡಿ ಒಡಿ.”